ತುದಿ ಚಿವುಟಿದ ಕೈ

"ಬಾಗಿಲು ಹಾಕಿ ಮೇಡಂ. ಮೊದಲು ಬಾಗಿಲು."

ಅವಳ ಎರಡೂ ಕೈಯಲ್ಲಿ ಟ್ರೇ ಇತ್ತು. ಟ್ರೇಯಲ್ಲಿ ಅರವತ್ತು ಪುಟ್ಟ ಸೇವಂತಿಗೆ ಸಸಿಗಳು. ಎರಡು ವರ್ಷದ ದುಡಿಮೆಯ ಫಲವನ್ನು ಲ್ಯಾಬಿನ ಗಾಜಿನ ಸೀಸೆಯಿಂದ ತೆಗೆದು ಮೊದಲ ಸಲ ಹಸಿರುಮನೆಗೆ ತರುತ್ತಿದ್ದಾಳೆ. ಎದೆ ಡವಡವ ಎನ್ನುತ್ತಿದೆ. ಇವನು ಯಾರೋ, ಹೆಗಲ ಮೇಲೆ ನೀರಿನ ಪೈಪು ಹಾಕಿಕೊಂಡವನು, ಬಾಗಿಲಿನ ಮಾತಾಡುತ್ತಿದ್ದಾನೆ!

"ಕೈ ಖಾಲಿ ಇಲ್ಲ. ಕಾಣಿಸ್ತಿಲ್ವಾ?"

"ನನಗೆ ಕಾಣಿಸ್ತಿದೆ. ಬಿಳಿನೊಣಕ್ಕೆ ಕಾಣಿಸಲ್ಲ. ಒಂದು ಒಳಗೆ ಬಂದ್ರೆ ವಾರದಲ್ಲಿ ಅದರ ಸಂಸಾರಾನೇ ಬಂದು ಕೂರುತ್ತೆ."

ಅವನು ಕಾಲಿನಿಂದ ಬಾಗಿಲು ನೂಕಿ, ಅವಳ ಕೈಯಿಂದ ಟ್ರೇ ಇಸಿದುಕೊಂಡ. ಸಸಿಗಳನ್ನು ನೋಡಿದ. ಹುಬ್ಬು ಗಂಟಾಯಿತು.

"ಸೀಸೆಯಿಂದ ತೆಗೆದು ಎಷ್ಟು ದಿನ ಆಯ್ತು?"

"ಇವತ್ತು ಬೆಳಿಗ್ಗೆ."

"ಇವತ್ತು ಬೆಳಿಗ್ಗೆ..." ಹಸುಗೂಸನ್ನು ಬಿಸಿಲಲ್ಲಿ ಮಲಗಿಸಿದವಳನ್ನು ನೋಡುವ ಹಾಗೆ ಅವಳನ್ನು ನೋಡಿದ. "ಹತ್ತು ದಿನ ಪ್ಲಾಸ್ಟಿಕ್ ಹೊದಿಕೆ ಕೆಳಗೆ ಇರಲಿ. ದಿನಾ ಸ್ವಲ್ಪ ಸ್ವಲ್ಪ ಗಾಳಿ ಕೊಡೋಣ. ಇಲ್ಲಾಂದ್ರೆ ಸಂಜೆ ಹೊತ್ತಿಗೆ ಎಲ್ಲ ತಲೆ ಬಾಗಿಸ್ತವೆ."

ಇದು ಅವಳಿಗೆ ಗೊತ್ತಿರದ ವಿಷಯವೇನಲ್ಲ. ಪುಸ್ತಕದಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು. ಆತುರದಲ್ಲಿ ಮರೆತಿದ್ದಳು, ಅಷ್ಟೇ. ಮುಖ ಕಿವಿಯವರೆಗೂ ಕೆಂಪಾಯಿತು.

ಅವಳು ಈ ಕಥೆಯಲ್ಲಿ ನಾಚಿದ್ದು ಅದೇ ಮೊದಲು. ಮುಂದೆ ಅನುಭವಿಸಲಿರುವುದರ ಮುಂದೆ ಇದು ಏನೇನೂ ಅಲ್ಲ.

ಆ ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಅವಳನ್ನು 'ಡಾಕ್ಟರಮ್ಮ' ಎನ್ನುತ್ತಿದ್ದರು, ಅರ್ಧ ಗೌರವ, ಅರ್ಧ ತಮಾಷೆ. ಹಸಿರುಮನೆ ನೋಡಿಕೊಳ್ಳುವ ಅವನಿಗೆ 'ಪೈಪಣ್ಣ' ಎಂಬ ಹೆಸರಿತ್ತು. ಅದರಲ್ಲಿ ಪೂರ್ತಿ ತಮಾಷೆಯೇ.

ಹನ್ನೊಂದನೆಯ ದಿನ ಹೊದಿಕೆ ತೆಗೆದಾಗ ಅರವತ್ತೂ ಸಸಿ ನೆಟ್ಟಗೆ ನಿಂತಿದ್ದವು.

"ಇದರಲ್ಲಿ ಏನು ವಿಶೇಷ ಮೇಡಂ? ನನ್ನ ಕಣ್ಣಿಗೆ ಎಲ್ಲ ಒಂದೇ ಥರ ಕಾಣ್ತವೆ."

ಅವಳು ಒಂದು ಸಸಿಯ ತುದಿಯನ್ನು ಬೆರಳಿನಿಂದ ತೋರಿಸಿದಳು. "ಇಲ್ಲಿಂದ ಒಂದು ಹಾರ್ಮೋನು ಕೆಳಗೆ ಇಳಿಯುತ್ತೆ. ಪಕ್ಕದ ಮೊಗ್ಗುಗಳಿಗೆಲ್ಲ 'ಸುಮ್ಮನೆ ಮಲಗಿ' ಅನ್ನುತ್ತೆ. ಇನ್ನೊಂದು ಹಾರ್ಮೋನು ಇದೆ, ಅದು 'ಏಳಿ' ಅನ್ನುತ್ತೆ. ನಾವು ಒಂದು ಜೀನ್ ಸೇರಿಸಿ ಆ ಎರಡನೆಯದನ್ನ ಜಾಸ್ತಿ ಮಾಡಿದ್ದೀವಿ. ತುದಿ ಇದ್ದ ಹಾಗೇ ಪಕ್ಕದ ಕೊಂಬೆ ಒಡೀಬೇಕು, ಹೂವೂ ಬೇಗ ಬರಬೇಕು. ಮೂವತ್ತು ಗಿಡ ಹಾಗೆ ಮಾಡಿರೋದು. ಇನ್ನು ಮೂವತ್ತು ಏನೂ ಮಾಡದೆ ಬಿಟ್ಟಿರೋದು, ಹೋಲಿಸಿ ನೋಡೋಕೆ."

"ಅಂದ್ರೆ ಯಜಮಾನ ಮನೇಲಿದ್ರೂ ಮಕ್ಕಳು ಗಲಾಟೆ ಮಾಡ್ತವೆ."

ಅವಳು ನಕ್ಕುಬಿಟ್ಟಳು. ಎರಡು ವರ್ಷದಲ್ಲಿ ಅವಳ ಸಂಶೋಧನೆಯನ್ನು ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ.

"ನಮ್ಮಪ್ಪ ಹೂವಿನ ಸಸಿ ಬೆಳೆದು ಮಾರೋರು," ಎಂದಳು, ಯಾಕೆ ಹೇಳುತ್ತಿದ್ದೇನೆಂದು ತನಗೇ ತಿಳಿಯದೆ. "ಸ್ಕೂಲಿಂದ ಬಂದ ಕೂಡಲೇ ನನಗೂ ಅಣ್ಣನಿಗೂ ತುದಿ ಚಿವುಟೋ ಕೆಲಸ. ಸಾವಿರ ಗಿಡ ಇದ್ರೆ ಸಾವಿರ ಸಲ ಚಿವುಟಬೇಕು. ಚಿವುಟೋದೇ ಬೇಡ ಅನ್ನೋ ಗಿಡ ಮಾಡಬೇಕು ಅಂತ ಆಗಲೇ ಅಂದ್ಕೊಂಡಿದ್ದೆ."

"ಮಾಡಿದ್ದೀರಲ್ಲ ಮತ್ತೆ," ಎಂದ ಅವನು.

ಅಷ್ಟೇ ಮಾತು. ಆದರೆ ಅದನ್ನು ಹೇಳಿದ ರೀತಿ... ಅವಳು ಆ ದಿನವೆಲ್ಲ ಲ್ಯಾಬಿನಲ್ಲಿ ಕೂತು ಅದನ್ನೇ ನೆನೆದಳು.

ಆಮೇಲೆ ಅವಳು ದಿನಕ್ಕೆ ಮೂರು ಸಲ ಹಸಿರುಮನೆಗೆ ಹೋಗತೊಡಗಿದಳು. ಗಿಡ ನೋಡಲು ಒಂದು ಸಲ ಸಾಕಿತ್ತು. ಉಳಿದೆರಡು ಸಲ ಏಕೆ ಹೋಗುತ್ತಿದ್ದಳೆಂದು ನಾನು ಹೇಳಬೇಕಾಗಿಲ್ಲ. ಒಮ್ಮೊಮ್ಮೆ ಫೋನಿನಲ್ಲಿ ಮಾತಾಡುತ್ತ, ಒಮ್ಮೊಮ್ಮೆ ಏನೋ ಯೋಚಿಸುತ್ತ ಗಿಡಗಳ ನಡುವಿನ ಹಾದಿಯಲ್ಲಿ ಅತ್ತಿಂದಿತ್ತ ಓಡಾಡುವಳು. ಅವನು ಬುಟ್ಟಿ ಮಗುಚಿ ಹಾಕಿ ಕೂರಲು ಕೊಡುವನು. ಇಬ್ಬರೂ ಡಬ್ಬಿ ಬಿಚ್ಚುವರು. ಅವನ ಡಬ್ಬಿಯ ಊಟಕ್ಕೆ ಯಾವಾಗಲೂ ಉಪ್ಪು ಕಡಿಮೆ. ಅವನೇ ಮಾಡಿಕೊಳ್ಳುತ್ತಿದ್ದುದು.

'ಇದು ಏನು? ಇವನು ಯಾರು, ನಾನು ಯಾರು?' ಎಂದು ಕೇಳಿಕೊಂಡಳು. ಉತ್ತರ ಗೊತ್ತಿದ್ದರಿಂದಲೇ ಮತ್ತೆ ಕೇಳಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಊಟದ ಕೋಣೆಯಲ್ಲಿ ಅವಳ ಸಹೋದ್ಯೋಗಿ, ದಪ್ಪ ಕನ್ನಡಕದವನು, ಎಲ್ಲರಿಗೂ ಕೇಳುವಂತೆ ಹೇಳಿದ. "ಡಾಕ್ಟರಮ್ಮನ ಗಿಡಕ್ಕೆ ಈಚೆಗೆ ನೀರು ಜಾಸ್ತಿ ಆಗ್ತಿದೆ. ಎಲ್ಲ ಪೈಪಣ್ಣನ ಕೃಪೆ."

ಇಡೀ ಮೇಜು ನಕ್ಕಿತು. ಅವಳೂ ನಕ್ಕಳು. ನಕ್ಕು, "ಛೀ, ನೀರು ಹಾಕೋನು ಅವನು. ತಮಾಷೆಗೂ ಒಂದು ಮಿತಿ ಬೇಡ್ವಾ?" ಎಂದಳು.

ಪೈಪಣ್ಣ ಅಲ್ಲಿರಲಿಲ್ಲ. ಆದರೂ ಬಾಯಿಯಲ್ಲಿದ್ದ ತುತ್ತು ಅವಳಿಗೆ ನುಂಗಲಾಗಲಿಲ್ಲ.

ಎಂಟನೆಯ ವಾರ ಕೊಂಬೆ ಎಣಿಸುವ ದಿನ ಬಂತು.

ಜೀನ್ ಸೇರಿಸಿದ ಗಿಡಗಳು ಚೆನ್ನಾಗಿಯೇ ಕವಲೊಡೆದಿದ್ದವು. ಆದರೆ ಹೋಲಿಕೆಗೆಂದು ಬಿಟ್ಟ ಮೂವತ್ತರಲ್ಲಿ ಹನ್ನೆರಡು ಗಿಡಗಳೂ ಹಾಗೆಯೇ ಕವಲೊಡೆದಿದ್ದವು! ಅವಳು ಭೂತಗನ್ನಡಿ ಹಿಡಿದು ನೋಡಿದಳು. ಆ ಹನ್ನೆರಡಕ್ಕೂ ತುದಿ ಇರಲಿಲ್ಲ. ಉಗುರಿನಿಂದ ಚಿವುಟಿದ ಗಾಯ, ಒಣಗಿದ ಕಂದು ಕಲೆ.

ತುದಿ ಹೋದರೆ ಯಾವ ಗಿಡವಾದರೂ ಕವಲೊಡೆಯುತ್ತದೆ. ಇನ್ನು ಇದನ್ನು ಏನೆಂದು ಹೋಲಿಸುವುದು? ವರದಿ ಕೊಡಲು ನಾಲ್ಕೇ ದಿನ ಉಳಿದಿತ್ತು. ಹಸಿರುಮನೆಯ ಕೀಲಿ ಇದ್ದುದು ಇಬ್ಬರ ಹತ್ತಿರ ಮಾತ್ರ.

ವಾರದ ಸಭೆಗೆ ಪೈಪಣ್ಣನನ್ನು ಕರೆಸಿದರು. ಎಂಟು ಜನ ಕೂತಿದ್ದರು. ಅವನು ಒದ್ದೆ ಪಾದದಲ್ಲಿ ಬಾಗಿಲ ಬಳಿ ನಿಂತ.

"ಗಿಡದ ತುದಿ ಚಿವುಟಿದ್ದೀರಾ?" ಎಂದಳು ಅವಳು.

"ಇಲ್ಲ ಮೇಡಂ."

"ಹಾಗಾದ್ರೆ ಯಾರು? ಕೀಲಿ ಇರೋದು ನಿಮ್ಮ ಹತ್ತಿರ, ನನ್ನ ಹತ್ತಿರ."

ಅವನು ಅವಳನ್ನೇ ನೋಡಿದ. ಅವಳು ಏನೋ ನೆನಪಿಸಿಕೊಳ್ಳಲಿ ಎಂದು ಕಾಯುವವನ ಹಾಗೆ ನೋಡಿದ. ಆಮೇಲೆ ಅವನ ಮುಖವೇ ಬದಲಾಯಿತು. ಕಣ್ಣು ನೆಲಕ್ಕೆ ಹೋಯಿತು.

"ನಾನಲ್ಲ. ಅದಕ್ಕಿಂತ ಹೆಚ್ಚು ನನ್ನಿಂದ ಹೇಳೋಕಾಗಲ್ಲ."

ಕನ್ನಡಕದವನು ಪಕ್ಕದವನ ಮೊಣಕೈ ತಿವಿದು ಮುಗುಳ್ನಕ್ಕ. ಅವಳು ಅದನ್ನು ಕಂಡಳು. ತಾನು ಈಗ ಮೆದುವಾದರೆ ಇವರೆಲ್ಲ ಏನು ಅಂದುಕೊಳ್ಳುತ್ತಾರೆ? ಬೇಕಾದ್ದಕ್ಕಿಂತ ಗಟ್ಟಿ ದನಿಯಲ್ಲಿ ಹೇಳಿದಳು.

"ತೋಟದ ಕೆಲಸದವರನ್ನ ಲ್ಯಾಬಿಗೆ ತಂದ್ರೆ ಹೀಗೇ ಆಗೋದು. ಕೈಗೆ ಕೆಲಸ ಗೊತ್ತು, ತಲೆಗೆ ಗೊತ್ತಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಕೀಲಿಯನ್ನು ಮೇಜಿನ ತುದಿಯಲ್ಲಿಟ್ಟು ಹೋದ. ತಿಂಗಳ ಕೊನೆಗೆ ಅವನ ನೇಮಕ ಮುಗಿಯಿತು, ಮುಂದುವರಿಸಲಿಲ್ಲ. ಪ್ರಯೋಗ ಹಾಳು ಮಾಡಿದವನು ಎಂಬ ಮಾತು ಅವನಿಗಿಂತ ಮೊದಲೇ ಬೇರೆ ಹಸಿರುಮನೆಗಳನ್ನು ಮುಟ್ಟಿತ್ತು. ಅಲ್ಲೆಲ್ಲೂ ಅವನನ್ನು ತೆಗೆದುಕೊಳ್ಳಲಿಲ್ಲವಂತೆ.

ಅವಳು ನಡೆದದ್ದನ್ನು ಬರೆದು ವರದಿ ಕೊಟ್ಟಳು. 'ಸಿಬ್ಬಂದಿಯ ಅಜಾಗರೂಕತೆ' ಎಂದು ಬರೆದಳು. ಪ್ರಯೋಗವನ್ನು ಮೊದಲಿನಿಂದ ಶುರುಮಾಡಿದಳು. ಈ ಸಲ ಕೀಲಿ ಅವಳೊಬ್ಬಳ ಹತ್ತಿರವೇ. ನೀರು ಹಾಕುವುದೂ ಅವಳೇ. ಹಸಿರುಮನೆಯಲ್ಲಿ ಮಗುಚಿ ಹಾಕಿದ ಬುಟ್ಟಿಯ ಕಡೆ ನೋಡುತ್ತಿರಲಿಲ್ಲ.

ಏಳನೆಯ ವಾರ ಹೋಲಿಕೆಯ ಕೆಲವು ಗಿಡಗಳು ಮತ್ತೆ ತುದಿ ಕಳೆದುಕೊಂಡು ಕವಲೊಡೆದವು.

ಅದು ಭಾನುವಾರ. ಅಣ್ಣನ ಮನೆಯ ಬಾಲ್ಕನಿಯಲ್ಲಿ ನಿಂತು ಅವಳು ಕೇಂದ್ರದ ನಿರ್ದೇಶಕಿಗೆ ಫೋನಿನಲ್ಲಿ ಹೇಳುತ್ತಿದ್ದಳು. ಅಣ್ಣ ಅತ್ತಿಗೆಯ ಜೊತೆಯಲ್ಲೇ ಅವಳ ವಾಸ.

"ಯಾರೂ ಒಳಗೆ ಹೋಗಿಲ್ಲ ಮೇಡಂ... ಇಲ್ಲ, ಒಬ್ಬರೂ ಇಲ್ಲ... ನಾನೊಬ್ಬಳೇ."

ಫೋನು ಇಟ್ಟಾಗ ಅತ್ತಿಗೆ ಬಟ್ಟೆ ಒಣಹಾಕುತ್ತ ಹೇಳಿದರು. "ಪುಟ್ಟಿ, ನನ್ನ ಗಿಡ ಬಿಟ್ಟುಬಿಡು ತಾಯಿ. ಒಂದಕ್ಕೂ ತಲೆ ಉಳಿಸಿಲ್ಲ ನೀನು."

"ಏನು ಅತ್ತಿಗೆ?"

"ಇನ್ನೇನು, ಫೋನು ಕಿವಿಗೆ ಹೋದ್ರೆ ಸಾಕು, ನಿನ್ನ ಇನ್ನೊಂದು ಕೈ ಗಿಡಕ್ಕೆ ಹೋಗುತ್ತೆ. ನಿಮ್ಮಣ್ಣನೂ ಅಷ್ಟೇ. ಮದುವೆ ಆದ ಹೊಸದರಲ್ಲಿ ನಮ್ಮಪ್ಪನ ಮನೆ ದಾಸವಾಳ ಬೋಳಿಸಿಟ್ಟಿದ್ರು. ಕೇಳಿದ್ರೆ 'ನಾನಾ?' ಅಂತಾರೆ. ನಿಮ್ಮಪ್ಪ ಚಿಕ್ಕಂದಿನಲ್ಲಿ ಕಲಿಸಿದ್ದನ್ನ ನಿಮ್ಮಿಬ್ಬರ ಕೈ ಇನ್ನೂ ಮರೆತಿಲ್ಲ."

ಅವಳು ಬಲಗೈ ಬಿಚ್ಚಿ ನೋಡಿದಳು.

ಅಂಗೈಯಲ್ಲಿ ನಾಲ್ಕು ಎಳೆಯ ತುದಿಗಳಿದ್ದವು. ಹೆಬ್ಬೆರಳಿನ ಉಗುರಿನ ಅಂಚು ಹಸಿರಾಗಿತ್ತು.

"ಪುಟ್ಟಿ? ಏನಾಯ್ತೇ? ಯಾಕೆ ಹೀಗೆ ಬಿಳಿಚಿಕೊಂಡೆ?"

ಅವಳು ಮನೆಯಲ್ಲಿ ಹಾಕಿಕೊಳ್ಳುವ ಚಪ್ಪಲಿಯಲ್ಲೇ ಕೇಂದ್ರಕ್ಕೆ ಓಡಿದಳು. ಹಸಿರುಮನೆಯ ನಡುಹಾದಿಯಲ್ಲಿ ನಿಂತು ಒಂದೊಂದೇ ಕುಂಡ ನೋಡಿದಳು. ಹಾದಿಯ ಅಂಚಿನ ಗಿಡಗಳಿಗೆ ಮಾತ್ರ ತುದಿ ಇರಲಿಲ್ಲ. ಒಳಸಾಲಿನ ಗಿಡಗಳನ್ನು ಯಾರೂ ಮುಟ್ಟಿರಲಿಲ್ಲ. ಅಲ್ಲಿ ಹೋಲಿಕೆಯ ಗಿಡಗಳು ಒಂಟಿ ಕಾಂಡದಲ್ಲಿ ನೆಟ್ಟಗೆ ನಿಂತಿದ್ದವು, ಜೀನ್ ಸೇರಿಸಿದವು ಗುಂಪಾಗಿ ಕವಲೊಡೆದು ಆಗಲೇ ಮೊಗ್ಗು ಹಿಡಿದಿದ್ದವು. ಅವಳ ಪ್ರಯೋಗ ಗೆದ್ದಿತ್ತು. ಅದನ್ನು ನೋಡಿ ಸಂತೋಷಪಡುವಷ್ಟು ಮುಖ ಅವಳಿಗೆ ಉಳಿದಿರಲಿಲ್ಲ.

'ಹೋದ ಸಲವೂ ಅಂಚಿನ ಹನ್ನೆರಡು ಗಿಡಗಳೇ. ಯಾಕೆ ಅಂಚಿನವು ಮಾತ್ರ ಎಂದು ನಾನು ಕೇಳಿಕೊಳ್ಳಲೇ ಇಲ್ಲ. ಅವನ ತಲೆಯ ಬಗ್ಗೆ ಮಾತಾಡಿದೆ.'

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದವನ ಎಲೆಯ ನೊಣ ಹುಡುಕಿದವಳು ತಾನು. ಅಲ್ಲ, ಪಾಪ, ಅವನ ಎಲೆಯಲ್ಲಿ ನೊಣವೂ ಇರಲಿಲ್ಲ. ಅವಳು ಕುಂಡಗಳ ನಡುವೆ ಕುಸಿದು ಕೂತು ಎರಡೂ ಕೈಯನ್ನು ಕಂಕುಳಲ್ಲಿ ಅಡಗಿಸಿಕೊಂಡಳು. ಆ ಕೈಗಳನ್ನು ನೋಡಲು ಅವಳಿಗೆ ನಾಚಿಕೆಯಾಗುತ್ತಿತ್ತು.

ಮರುದಿನ ಕನ್ನಡಕದವನಿಗೆ ಮೊದಲು ಹೇಳಿದಳು. ಅವನು ಕೆಟ್ಟವನಲ್ಲ, ನಗಲಿಲ್ಲ.

"ಒಳಸಾಲಿನ ಲೆಕ್ಕ ಮಾತ್ರ ಕೊಟ್ಟುಬಿಡು. ಅಂಚಿನ ಗಿಡ ಕೈತಪ್ಪಿ ಹಾಳಾಯ್ತು ಅಂದ್ರೆ ಆಯ್ತು. ಹೋದವನು ಹೋದ. ಹಳೇದನ್ನ ಯಾಕೆ ಕೆದಕ್ತೀಯ?"

ಅವಳು ತಕ್ಷಣ 'ಆಗಲ್ಲ' ಎಂದಳು ಎಂದು ಬರೆಯಲು ನನಗೂ ಆಸೆ. ಆದರೆ ಸುಳ್ಳು ಹೇಳಬಾರದು. ಅವಳು ಎರಡು ದಿನ ಯೋಚಿಸಿದಳು. ಒಳಸಾಲಿನ ಲೆಕ್ಕವನ್ನಷ್ಟೇ ಬರೆದೂ ಬರೆದಳು, ಅಂದವಾಗಿ ಅಚ್ಚು ತೆಗೆದಳು. ಕೊನೆಗೆ ಸಹಿ ಹಾಕಲು ಪೆನ್ನು ಎತ್ತಿದಾಗ ಬಾಗಿಲ ಬಳಿ ನಿಂತ ಒದ್ದೆ ಪಾದಗಳು ಕಣ್ಣ ಮುಂದೆ ಬಂದವು. ಸಹಿ ಹಾಕಲಾಗಲಿಲ್ಲ.

ವಾರದ ಸಭೆಯಲ್ಲಿ ಅದೇ ಎಂಟು ಜನ. ಅವಳು ಎದ್ದು ನಿಂತಳು.

"ಗಿಡ ಚಿವುಟಿದ್ದು ನಾನು. ಎರಡು ಸಲವೂ ನಾನೇ. ನನಗೇ ಗೊತ್ತಿಲ್ಲದೆ. ಆವತ್ತು ಇದೇ ಜಾಗದಲ್ಲಿ ಕೈಗೆ ಗೊತ್ತು, ತಲೆಗೆ ಗೊತ್ತಿಲ್ಲ ಅಂದೆನಲ್ಲ, ಅದು ನನ್ನ ಮಾತೇ, ನನಗೇ ಸಲ್ಲಬೇಕಾದ್ದು. ಆ ಮನುಷ್ಯನ ತಪ್ಪು ಒಂದೂ ಇರಲಿಲ್ಲ."

ಯಾರೋ ಕೆಮ್ಮಿದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಭೂಮಿ ಅಂಥ ಉಪಕಾರ ಮಾಡುವುದಿಲ್ಲ. ನಿಂತೇ ಇದ್ದಳು.

ನಿರ್ದೇಶಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊದಲ ವರದಿ ವಾಪಸ್ ತಗೋಬೇಕಾಗುತ್ತೆ. ಮುಂದಿನ ಹಂತದ ಹೊಣೆ ನಿನಗೆ ಕೊಡೋಕಾಗಲ್ಲ. ಗೊತ್ತಲ್ಲ?"

"ಗೊತ್ತು ಮೇಡಂ."

"ಅವನಿಗೆ ಕಾಗದ ಬರೀತೀನಿ, ವಾಪಸ್ ಬಾ ಅಂತ. ಅಂಚೆಗೆ ಹಾಕಿಸ್ತೀನಿ."

"ಬೇಡ ಮೇಡಂ. ನಾನೇ ತಗೊಂಡು ಹೋಗಿ ಕೊಡ್ತೀನಿ."

ಅವನು ಈಗ ಒಂದು ಆಸ್ಪತ್ರೆಯ ತೋಟದಲ್ಲಿದ್ದ. ಉದ್ದನೆಯ ಬೇಲಿಗಿಡವನ್ನು ದೊಡ್ಡ ಕತ್ತರಿಯಿಂದ ಮಟ್ಟಮಾಡುತ್ತಿದ್ದ. ಹತ್ತಿರದ ಬೆಂಚಿನಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಒಬ್ಬ ಅಜ್ಜ ಬಿಸಿಲು ಕಾಯುತ್ತಿದ್ದ. ಅವಳನ್ನು ಕಂಡು ಅವನ ಕತ್ತರಿ ನಿಂತಿತು.

"ಇಲ್ಲಿ ಎಷ್ಟು ತುದಿ ಕತ್ತರಿಸಿದ್ರೂ ಯಾರೂ ಬೈಯಲ್ಲ ಮೇಡಂ," ಎಂದ. ನಗುವಿರಲಿಲ್ಲ.

ಅವಳು ಕಾಗದವನ್ನು ಚಾಚಿದಳು. ಅವನು ಕೈ ಒರೆಸಿಕೊಂಡು ಓದಿದ, ಮಡಚಿದ.

"ಯಾರು ಅಂತ ಗೊತ್ತಾಯ್ತಾ?"

"ನಾನೇ," ಎಂದಳು. "ನಿಮಗೆ ಗೊತ್ತಿತ್ತು, ಅಲ್ವಾ? ಆವತ್ತು ಯಾಕೆ ಹೇಳಲಿಲ್ಲ?"

ಅವನು ಕತ್ತರಿಯ ಬಾಯಿಗೆ ಅಂಟಿದ್ದ ಎಲೆ ತೆಗೆದ.

"ಮೊದಲು ನೋಡಿದಾಗ ಬೇಕಂತಲೇ ಚಿವುಟ್ತಿದ್ದೀರ ಅಂದ್ಕೊಂಡೆ. ಅದೂ ಪ್ರಯೋಗದ ಭಾಗವೇನೋ, ನನಗೇನು ಗೊತ್ತು ಅಂತ. ಸಭೆಯಲ್ಲಿ ನೀವು ಕೇಳಿದಾಗಲೇ ತಿಳೀತು, ನಿಮಗೇ ಗೊತ್ತಿಲ್ಲ ಅಂತ."

"ಆಗ ಹೇಳಬಹುದಿತ್ತಲ್ಲ. ನಿಮ್ಮ ಕೆಲಸ ಉಳೀತಿತ್ತು."

"ಹೇಗೆ ಹೇಳ್ಲಿ? 'ಮೇಡಂ ಹಾದಿಯಲ್ಲಿ ಓಡಾಡ್ತಾ ಹೆಬ್ಬೆರಳಲ್ಲಿ ಚಿವುಟ್ತಾರೆ, ಯೋಚನೆ ಜಾಸ್ತಿ ಆದ್ರೆ ಎರಡೆರಡು ಚಿವುಟ್ತಾರೆ, ಆಮೇಲೆ ಕೋಟಿನ ಜೇಬಿಗೆ ಹಾಕ್ಕೊಳ್ತಾರೆ' ಅಂತ ಎಂಟು ಜನರ ಮುಂದೆ ಹೇಳ್ಬೇಕಿತ್ತಾ? 'ನಿನಗೆ ಹೇಗೆ ಗೊತ್ತು' ಅಂತ ಯಾರಾದ್ರೂ ಕೇಳಿದ್ರೆ?" ಅವನ ಕಿವಿ ಕೆಂಪಾಗಿತ್ತು. "ನೀರು ಹಾಕೋದು ಬಿಟ್ಟು ದಿನಪೂರ್ತಿ ನಿಮ್ಮನ್ನೇ ನೋಡ್ತಿದ್ದೆ ಅಂತ ಹೇಳ್ಬೇಕಿತ್ತು. ನನಗೆ ನಾಚಿಕೆ ಆಯ್ತು. ಕೆಲಸ ಹೋದ್ರೆ ಹೋಗ್ಲಿ ಅನ್ನಿಸ್ತು."

ಅವಳು ಬೇಲಿಯ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟಳು.

"ನಾನು ಇನ್ನೊಂದು ಹೇಳ್ಬೇಕು," ಎಂದಳು. "ಇದು ನಿಮಗೆ ಗೊತ್ತಿಲ್ಲ. ಹೇಳದಿದ್ರೆ ನಡೆಯುತ್ತೆ. ಆದ್ರೂ ಹೇಳ್ತೀನಿ. ಊಟದ ಕೋಣೆಯಲ್ಲಿ ನಿಮ್ಮನ್ನೂ ನನ್ನನ್ನೂ ಸೇರಿಸಿ ತಮಾಷೆ ಮಾಡಿದ್ರು. ನಾನು ಛೀ ಅಂದೆ. ನೀರು ಹಾಕೋನು ಅಂದೆ. ಸಭೆಯಲ್ಲಿ ಅಷ್ಟು ಕೆಟ್ಟದಾಗಿ ಮಾತಾಡಿದ್ದು ಗಿಡ ಹಾಳಾಯ್ತು ಅಂತ ಮಾತ್ರ ಅಲ್ಲ. ನನಗೂ ನಿಮಗೂ ಏನೂ ಇಲ್ಲ ಅಂತ ಅವರಿಗೆ ತೋರಿಸ್ಬೇಕಿತ್ತು. ಏನೋ ಇದ್ದದ್ದಕ್ಕೇ ಇಲ್ಲ ಅಂತ ತೋರಿಸ್ಬೇಕಾಯ್ತು..."

ಕಣ್ಣೀರು ಧಾರೆಯಾಗಿ ಇಳಿಯಿತು. ಒರೆಸಿಕೊಳ್ಳಲಿಲ್ಲ.

ಅವನಿಗೆ ನೋವಾಗಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. ಅವನೇನು ದೇವರಲ್ಲ.

"ಇದನ್ನ ಕೇಳದೇ ಇದ್ದಿದ್ರೆ ಚೆನ್ನಾಗಿತ್ತು," ಎಂದ.

"ಗೊತ್ತು. ಆದ್ರೆ ಮುಚ್ಚಿಟ್ಟುಕೊಂಡು ನಿಮ್ಮ ಮುಖ ನೋಡೋಕೆ ನನಗೆ ಆಗ್ತಿರಲಿಲ್ಲ. ಆಗೋದಾದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಆಗದಿದ್ರೂ ಕೆಲಸಕ್ಕೆ ಮಾತ್ರ ಬನ್ನಿ. ನಾನು ಆ ಕಡೆ ಸುಳಿಯೋದಿಲ್ಲ."

"ಅವರಿಗೆಲ್ಲ ನೀವೇ ಹೇಳಿದ್ರಾ, ಚಿವುಟಿದ್ದು ನೀವು ಅಂತ?"

"ನಾನೇ ಹೇಳಿದೆ. ಎಂಟೂ ಜನರ ಮುಂದೆ, ನಿಂತುಕೊಂಡು."

"ನಿಮ್ಮ ಕೆಲಸ?"

"ಮುಂದಿನ ಹಂತ ಬೇರೆಯವರಿಗೆ ಕೊಟ್ಟರು. ನಾನು ಕೊಂಬೆ ಎಣಿಸ್ತೀನಿ, ಬರ್ಕೊಳ್ತೀನಿ. ಕೈಗೆ ಗವಸು ಹಾಕ್ಕೊಂಡು."

ಅವನ ತುಟಿಯ ಕೊನೆ ಅಲುಗಿತು. ನಗು ಬರಬಾರದು ಎಂದು ಅವನು ಪ್ರಯತ್ನಪಟ್ಟದ್ದು ಅವಳಿಗೆ ತಿಳಿಯಿತು.

"ನಾನು ಬಂದ್ರೆ ಮತ್ತೆ ತಮಾಷೆ ಮಾಡ್ತಾರೆ," ಎಂದ.

"ಮಾಡ್ಲಿ. ಈ ಸಲ ಅವರು ಹೇಳೋದು ನಿಜ."

"ಏನು ನಿಜ?"

"ಬಾಯಿಬಿಟ್ಟು ಹೇಳ್ಬೇಕಾ?"

"ಬೈಯೋಕೆ ಎಂಟು ಜನ ಬೇಕಾಯ್ತು ನಿಮಗೆ," ಎಂದ ಅವನು, ಮೆಲ್ಲಗೆ. "ಇದನ್ನ ಹೇಳೋಕೆ ನಾನೊಬ್ಬ ಸಾಲದಾ?"

ಅವಳು ಎದ್ದು ನಿಂತಳು. ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಸೆರಗನ್ನೇ ಹಿಡಿದುಕೊಂಡಳು. ನಾಚಿಕೆ ಇನ್ನೂ ಇತ್ತು, ಎದೆಯ ತುಂಬ ಇತ್ತು. ಅದು ಹೋಗಲಿ, ಆಮೇಲೆ ಹೇಳೋಣ ಎಂದರೆ ಜನ್ಮವಿಡೀ ಕಾಯಬೇಕಾದೀತು ಎನ್ನಿಸಿತು.

"ನಿಮ್ಮನ್ನ ಪ್ರೀತಿಸ್ತೀನಿ," ಎಂದಳು.

ಬೆಂಚಿನ ಮೇಲಿನ ಅಜ್ಜ ಕತ್ತು ಹೊರಳಿಸಿ ನೋಡಿ, ಮರ್ಯಾದೆಗೆ ಮತ್ತೆ ಬಿಸಿಲಿನ ಕಡೆ ತಿರುಗಿದ. ಅವನು ಕತ್ತರಿಯನ್ನು ನೆಲಕ್ಕಿಟ್ಟ. ಹಸಿರು ಮೆತ್ತಿದ ಅಂಗೈಯನ್ನು ಚಾಚಿದ. ಅವಳು ತನ್ನ ಕೈಯನ್ನು ಅದರ ಮೇಲಿಟ್ಟಳು.

"ನಾಳೆ ಬರ್ತೀನಿ," ಎಂದ. "ಒಂದು ಗಂಟೆಗೆ ಇಲ್ಲಿ ಬಿಡ್ತಾರೆ. ಹಿಂದಿನ ಗೇಟಿಂದ ಬಂದು ಹಸಿರುಮನೆ ಹತ್ತಿರ ಇರ್ತೀನಿ."

"ಹಿಂದಿನ ಗೇಟು ಬೇಡ," ಎಂದಳು ಅವಳು. "ಒಂದೂವರೆಗೆ ಊಟದ ಕೋಣೆಗೇ ಬನ್ನಿ. ಆಗ ಎಲ್ಲರೂ ಇರ್ತಾರೆ. ನನ್ನ ಪಕ್ಕದ ಕುರ್ಚಿ ಹಿಡಿದಿಟ್ಟಿರ್ತೀನಿ."